ಸುಮ್ಮನಿದ್ದ ಗುರುವಾರ

ಕಳೆದ ತಿಂಗಳು ಕಾರ್ಕಳದ ಒಂದು ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ವಿಷಯ, 'ಯುವ ನಾಯಕತ್ವ ಮತ್ತು ಅಂತರರಾಷ್ಟ್ರೀಯ ರಾಜತಾಂತ್ರಿಕತೆ'. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಅಷ್ಟುದ್ದದ ವಿಷಯವೇ ಜಾಗವನ್ನೆಲ್ಲ ತಿಂದು, ನನ್ನ ಹೆಸರು ಕೆಳಗಿನ ಮೂಲೆಗೆ, ಫ್ಯಾನಿನ ಗಾಳಿಗೆ ಮಡಚಿಕೊಳ್ಳುವ ಕಡೆ ಹೋಗಿತ್ತು. ತಗಡಿನ ಮಾಡಿನ ಮೇಲೆ ಮಳೆ ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಸ್ವಾಗತ ಹೇಳಿದವರು ನನ್ನನ್ನು ಹೊಗಳುತ್ತಿದ್ದಾರೋ ಬೈಯುತ್ತಿದ್ದಾರೋ ಮೊದಲ ಐದು ನಿಮಿಷ ತಿಳಿಯಲಿಲ್ಲ. ಮಳೆ ಸ್ವಲ್ಪ ಹೊಳವಾದಾಗ ಕೇಳಿಸಿದ್ದು ಇದು: "ಜಿನೀವಾದಲ್ಲಿ ನಮ್ಮ ಕರಾವಳಿಯ ಧ್ವನಿಯನ್ನು ಮೊಳಗಿಸಿ ಬಂದ, ಕಾಪುವಿನ ಹೆಮ್ಮೆಯ ಮಗಳು, ಕುಮಾರಿ ಪ್ರತಿಮಾ!"

ಈ ಮಾತನ್ನು ನಾಲ್ಕು ವರ್ಷಗಳಿಂದ ಕೇಳುತ್ತಿದ್ದೇನೆ. ಕೇಳಿದಾಗಲೆಲ್ಲ ಹಲ್ಲಿನ ಸಂದಿಯಲ್ಲಿ ಮೀನಿನ ಮುಳ್ಳು ಕೂತ ಹಾಗಾಗುತ್ತದೆ. ನಾಲಗೆ ಅಲ್ಲೇ ಸುತ್ತುತ್ತದೆ, ಮುಳ್ಳು ಬರುವುದಿಲ್ಲ.

ಆದರೂ ಮಾತಾಡಿದೆ. ಮಾತಾಡುವುದು ಈಗ ಅಭ್ಯಾಸವಾಗಿದೆ. ಆತ್ಮವಿಶ್ವಾಸ, ಅವಕಾಶ, ಭಾಷೆಯ ಭಯ ಬಿಡಬೇಕು, ಎಲ್ಲ ಹೇಳಿದೆ. ಕೊನೆಗೆ ಪ್ರಶ್ನೆಗಳ ಸಮಯ. ಇಬ್ಬರು ವೀಸಾದ ಬಗ್ಗೆ ಕೇಳಿದರು, ಒಬ್ಬ ಅಲ್ಲಿ ಅನ್ನ ಸಿಗುತ್ತದೆಯೇ ಎಂದು ಕೇಳಿದ. ಆಮೇಲೆ ಮೂರನೆಯ ಸಾಲಿನಿಂದ ಎರಡು ಜಡೆ ಹಾಕಿದ ಒಬ್ಬ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಪ್ರಿಂಟು ತೆಗೆದ ಹಾಳೆಗಳಿದ್ದವು.

"ಮೇಡಂ, ನೀವು ನಿಮ್ಮ ಊರಿನವರ ಒಂದು ವಾಕ್ಯ ತೆಗೆದುಕೊಂಡು ಹೋಗಿದ್ರಿ ಅಂತ ಪೇಪರಿನಲ್ಲಿ ಬಂದಿತ್ತು. ಜಿನೀವಾದಲ್ಲಿ ಕೊಟ್ಟ ಆ ಘೋಷಣೆ ನೆಟ್ಟಿನಲ್ಲಿ ಉಂಟು. ನಾನು ಇಡೀ ಓದಿದೆ. ಆ ವಾಕ್ಯ ಎಲ್ಲಿ ಉಂಟು? ನನಗೆ ಸಿಗಲಿಲ್ಲ."

ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದೆ. "ಒಳ್ಳೆಯ ಪ್ರಶ್ನೆ" ಎಂದೆ. ಉತ್ತರ ಇಲ್ಲದವರು ಹೇಳುವ ಮಾತು ಅದು. ಪುಣ್ಯಕ್ಕೆ ಸಂಯೋಜಕರು ಗಡಿಯಾರ ನೋಡಿ, ಊಟ ಆರುತ್ತದೆ ಎಂದು ವಂದನಾರ್ಪಣೆಗೆ ಎದ್ದರು. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಫೋಟೊ ಆಯಿತು. ಆ ಹುಡುಗಿ ಬಾಗಿಲ ಬಳಿ ಕಾಯುತ್ತಿರುವುದು ಕಂಡಿತು. ನಾನು ಇನ್ನೊಂದು ಬಾಗಿಲಿನಿಂದ ಹೊರಟೆ.

ಪಡುಬಿದ್ರೆಯ ಬಸ್ಸು ಹತ್ತಿದೆ. ಮೈಯೆಲ್ಲ ಸಿಟ್ಟು. ಯಾರ ಮೇಲೆ ಎಂದು ಕೇಳಿದರೆ ಹೇಳುವುದು ಕಷ್ಟ. ಬೆಳ್ಮಣ್ಣಿನಲ್ಲಿ ಒಬ್ಬ ಹೆಂಗಸು ಒಣಮೀನಿನ ಬುಟ್ಟಿ ಹಿಡಿದು ಹತ್ತಿದರು.

"ಅಕ್ಕಾ, ಅದನ್ನು ಹಿಂದೆ ಇಡಿ. ಈ ವಾಸನೆಗೆ ಪ್ಯಾಸೆಂಜರು ಇಳಿದು ಹೋಗ್ತಾರೆ" ಎಂದ ಕಂಡಕ್ಟರ್.

"ಈ ಮಳೆಗೆ ಇಳಿದು ಎಲ್ಲಿಗೆ ಹೋಗ್ತಾರೆ ಮಾರಾಯಾ?" ಎಂದು ಅವರು ಬುಟ್ಟಿಯನ್ನು ನನ್ನ ಕಾಲ ಬಳಿಯೇ ಇಟ್ಟರು. "ಅಲ್ವಾ ಮಗಾ?"

ಒಣಗಿಸಿದ ನಂಗು ಮೀನಿನ ವಾಸನೆ. ಮಳೆಗಾಲದಲ್ಲಿ ನಮ್ಮ ಮನೆಯ ಅಟ್ಟದಿಂದ ಇಳಿದು ಬರುತ್ತಿದ್ದ ವಾಸನೆ. ಕಿಟಕಿಯ ಟರ್ಪಾಲು ಇಳಿಸಿದ ಕತ್ತಲೆಯ ಬಸ್ಸಿನಲ್ಲಿ, ಮಡಿಲಲ್ಲಿ ಶಾಲು ಇಟ್ಟುಕೊಂಡು, ನಾನು ನಾಲ್ಕು ವರ್ಷ ಹಿಂದಿನ ಆ ಮಳೆಗಾಲಕ್ಕೆ ಹೋಗಿ ಕೂತೆ.

ಆಗ ನಾನು ಮಣಿಪಾಲದಲ್ಲಿ ಎಂ.ಎ. ಓದುತ್ತಿದ್ದೆ. ದೇಶದೇಶಗಳ ನಡುವಿನ ಸಂಬಂಧಗಳ ವಿಷಯ. ಮನೆ ಕಾಪುವಿನ ಹತ್ತಿರದ ಒಂದು ಪಟ್ನದಲ್ಲಿ. ಕಡಲ ಬದಿಯ ಮೀನುಗಾರರ ಕೇರಿಗೆ ನಾವು ಹಾಗೆ ಹೇಳುವುದು. ಮನೆಯ ಮಾತು ತುಳು, ಶಾಲೆಯದು ಕನ್ನಡ, ಕ್ಲಾಸಿನದು ಇಂಗ್ಲಿಷು. ಆದರೆ ಮಾತಾಡಲು ನಾನು ಕಲಿತದ್ದು ಈ ಮೂರರಲ್ಲೂ ಅಲ್ಲ, ಅಜ್ಜಿಯ ಹತ್ತಿರ. ಅಜ್ಜಿ ಕಾಪು ಪೇಟೆಯಲ್ಲಿ ಮೀನು ಮಾರುತ್ತಿದ್ದರು. ರಜೆಯ ದಿನ ನಾನು ಅವರ ಪಕ್ಕದಲ್ಲಿ ಕೊಡೆ ಹಿಡಿದು ಕೂರುತ್ತಿದ್ದೆ. ಗಿರಾಕಿ ತೀರಾ ಕಡಿಮೆಗೆ ಕೇಳಿದರೆ ಅಜ್ಜಿ ಜಗಳ ಮಾಡುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ. ತೇಗದ ಎಲೆಯೊಂದನ್ನು ತೆಗೆದು ನಿಧಾನಕ್ಕೆ ಮೀನಿನ ಮೇಲೆ ಮುಚ್ಚಿ, ರಸ್ತೆಯ ಕಡೆ ನೋಡುತ್ತ ಕೂರುತ್ತಿದ್ದರು. ಗಿರಾಕಿಗೆ ಅರ್ಥವಾಗುತ್ತಿತ್ತು. ಒಂದೋ ಮುಂದೆ ಹೋಗುತ್ತಿದ್ದರು, ಇಲ್ಲವೇ ಎರಡು ಹೆಜ್ಜೆ ಹೋಗಿ ತಿರುಗಿ ಬಂದು, "ಆಯ್ತು ಮಾರಾಯ್ತಿ, ಎಲೆ ತೆಗಿ" ಎನ್ನುತ್ತಿದ್ದರು.

ಪಟ್ನದ ಸಭೆಯೂ ಹಾಗೆಯೇ. ಭಜನಾ ಮಂದಿರದ ಜಗಲಿಯಲ್ಲಿ ಸಂಜೆ ಕೂರುವ ಸಭೆ. ನನ್ನ ಸೋದರಮಾವ, ಆನಂದ ಮಾಮ, ಅದರ ಗುರಿಕಾರ, ಎಂದರೆ ಮುಖ್ಯಸ್ಥ. ಯಾವುದೇ ವಿಷಯ ಬರಲಿ, ಮಾತು ಮುಗಿದ ಮೇಲೆ ಮಾಮ ಕೇಳುವುದು ಒಂದೇ ಪದ: "ಆವಾ?" ಆಗಬಹುದೇ ಎಂದು. ಒಬ್ಬೊಬ್ಬರೂ ಬಾಯಿ ಬಿಟ್ಟು "ಆವು" ಎನ್ನಬೇಕು. ಯಾರಾದರೂ ಸುಮ್ಮನೆ ಕೂತರೆ ಅವರಿಗೆ ಒಪ್ಪಿಗೆ ಇಲ್ಲ ಎಂದು ಲೆಕ್ಕ. ಯಾಕೆ ಎಂದು ಅಲ್ಲೇ ಕೇಳುವ ಹಾಗಿಲ್ಲ. ನಾಲ್ಕು ಜನರ ಮುಂದೆ ಒಬ್ಬರನ್ನು ಹಿಂಡಬಾರದು. ಮಾಮ ಕಾಗದ ಮಡಚಿ ಏಳುತ್ತಾರೆ. ಮರುದಿನ ಬೆಳಿಗ್ಗೆ ಸುಮ್ಮನಿದ್ದವರ ಮನೆಯಲ್ಲಿ ಚಹಾ ಕುಡಿಯುತ್ತ, ಬಲೆಯ ಬಗ್ಗೆ, ಹವೆಯ ಬಗ್ಗೆ ಮಾತಾಡುತ್ತ, ಕಾರಣ ತಿಳಿದುಕೊಂಡು ಬರುತ್ತಾರೆ. ತೀರ್ಮಾನ ಆಗದ ಕಾಗದಗಳಿಗೆ ಒಂದು ತಗಡಿನ ಡಬ್ಬಿ. ಗಲ್ಫಿನಿಂದ ಯಾರೋ ತಂದ ಬಿಸ್ಕತ್ತಿನದು. ಮುಚ್ಚಳದ ಮೇಲೆ ಕುದುರೆ ಗಾಡಿಯ ಚಿತ್ರ. ವರ್ಷಕ್ಕೊಮ್ಮೆ, ಮಳೆ ಶುರುವಾಗಿ ನಾಡದೋಣಿಗಳು ನೀರಿಗೆ ಇಳಿಯುವ ಮೊದಲು, ಮಾಮ ಆ ಡಬ್ಬಿ ತೆರೆದು ಒಂದೊಂದನ್ನೂ ಮತ್ತೆ ಓದುತ್ತಾರೆ.

ಹೆಂಗಸರು ಆ ಸಭೆಯಲ್ಲಿ ಕೂರುವುದಿಲ್ಲ. ಜಗಲಿಯ ಕಂಬದ ಈಚೆ ನಿಂತು ಕೇಳಬಹುದು. ದೇಶದೇಶಗಳ ಮಾತುಕತೆ ಓದುತ್ತಿದ್ದ ನನಗೂ ಕಂಬವೇ ಗತಿ.

ಆ ವರ್ಷ ನಮ್ಮ ವಿಭಾಗದ ಲವೀನಾ ಮೇಡಂ ನನ್ನನ್ನು ಅಣಕು ಅಧಿವೇಶನಗಳಿಗೆ ದೂಡಿದರು. ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ದೇಶವಾಗಿ ವಾದ ಮಾಡುವ ಆಟ ಅದು. ಮೇಡಂ ಶಿರ್ವದವರು, ಮನೆಯಲ್ಲಿ ಕೊಂಕಣಿ, ಕ್ಲಾಸಿನಲ್ಲಿ ಬೆಂಕಿ. ಕಡಲಿನ ಕಾನೂನಿನ ಅಧಿವೇಶನಕ್ಕೆ ನನಗೆ ಸಿಕ್ಕಿದ್ದು ಕಡಲೇ ಇಲ್ಲದ ದೇಶ.

"ಕಡಲಿಲ್ಲದವರು ಕಡಲಿನ ಸಭೆಗೆ ಯಾಕೆ ಬರ್ತಾರೆ?" ಎಂದು ಮಾಮ ಕೇಳಿದರು.

"ಪಾಲು ಕೇಳ್ಲಿಕ್ಕೆ ಮಾಮ."

"ಹಾಗಾದರೆ ಬುದ್ಧಿವಂತರು. ಸರಿಯಾಗಿ ಕೇಳು."

ಸರಿಯಾಗಿಯೇ ಕೇಳಿದೆನೆಂದು ಕಾಣುತ್ತದೆ. ಬಹುಮಾನ ಬಂತು. ಅದರ ಬೆನ್ನಿಗೆ ಮೇಡಂ ನನ್ನಿಂದ ಇನ್ನೊಂದು ಅರ್ಜಿ ಹಾಕಿಸಿದರು. ಕಡಲು ಮತ್ತು ಮೀನುಗಾರಿಕೆಯ ಬಗ್ಗೆ ಯುವ ಪ್ರತಿನಿಧಿಗಳ ಒಂದು ಸಭೆ. ಏಷ್ಯಾದ ಬೇರೆ ಬೇರೆ ದೇಶಗಳ ಹನ್ನೆರಡು ಮಂದಿ ಸೇರಿ ಒಂದು ಘೋಷಣೆ ಬರೆಯಬೇಕು, ಸೆಪ್ಟೆಂಬರಿನಲ್ಲಿ ಜಿನೀವಾಕ್ಕೆ ಹೋಗಿ ದೊಡ್ಡವರ ಕೈಗೆ ಕೊಡಬೇಕು. ಮೇ ತಿಂಗಳ ಕೊನೆಗೆ ಆಯ್ಕೆಯ ಪತ್ರ ಬಂತು. ಅದಾಗಿ ನಾಲ್ಕು ದಿನಕ್ಕೆ ಕಾಪು ಜಂಕ್ಷನ್ನಿನಲ್ಲಿ ಫ್ಲೆಕ್ಸು. ಅದರಲ್ಲಿ ಕೈಮುಗಿದ ಐದು ಮಂದಿ ಮುಖಂಡರ ದೊಡ್ಡ ಚಿತ್ರ, ನಡುವೆ ಪಾಸ್‌ಪೋರ್ಟ್ ಅಳತೆಯ ನಾನು.

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಇದರಲ್ಲಿ ನೀನು ಯಾವುದು?" ಎಂದು ಕೇಳಿದರು.

ಮಾಮನಿಗೆ ಫ್ಲೆಕ್ಸಿನ ಮೇಲೆ ಆಸಕ್ತಿ ಇರಲಿಲ್ಲ. "ಅಲ್ಲಿ ನಿನಗೆ ಬರೆಯುವ ಅಧಿಕಾರ ಉಂಟಾ?" ಎಂದು ಕೇಳಿದರು. ಉಂಟು ಎಂದೆ. "ಹಾಗಾದರೆ ನಮ್ಮದೊಂದು ವಾಕ್ಯ ತೆಗೆದುಕೊಂಡು ಹೋಗು. ಉದ್ದ ಬೇಡ. ಒಂದೇ. ಅದು ಕಾಗದದಲ್ಲಿ ಬರಬೇಕು."

ವಾಕ್ಯ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಬೆಳಕಿನ ಮೀನುಗಾರಿಕೆ. ದೊಡ್ಡ ದೋಣಿಗಳು ಜನರೇಟರು ಇಟ್ಟು, ಕಡಲಿಗೆ ಕಣ್ಣು ಕೋರೈಸುವ ದೀಪ ಬಿಟ್ಟು, ಬೆಳಕಿಗೆ ಮುತ್ತಿದ ಮೀನನ್ನು ಮರಿ ಮೊಟ್ಟೆ ಸಮೇತ ಬಾಚಿಕೊಂಡು ಹೋಗುತ್ತವೆ. ಕಾನೂನಿನಲ್ಲಿ ಅದು ನಿಷಿದ್ಧ. ಕಡಲಿನಲ್ಲಿ ಅಲ್ಲ. ನಮ್ಮ ಕೈಬಲೆಗಳಿಗೆ ಉಳಿಯುವುದು ಲೋಳೆಮೀನು ಮತ್ತು ಪ್ಲಾಸ್ಟಿಕ್ಕು.

ಆ ಒಂದು ವಾಕ್ಯಕ್ಕೆ ಸಭೆ ಮೂರು ಸಂಜೆ ಕೂತಿತು. ಮೊದಲ ದಿನ ಮಾಮ ಓದಿದರು: "ಬೆಳಕು ಹಾಕಿ ಮೀನು ಹಿಡಿಯುವುದು ನಿಲ್ಲಬೇಕು. ಆವಾ?" ಹದಿನಾರು ಮಂದಿ ಆವು ಎಂದರು. ಶೀನಣ್ಣ ಕಡಲಿನ ಕಡೆ ನೋಡುತ್ತ ಕೂತರು. ಮಾಮ ಕಾಗದ ಮಡಚಿದರು. ಶೀನಣ್ಣನ ಮಗ ಅಂಥದೇ ದೋಣಿಯಲ್ಲಿ ದುಡಿಯುತ್ತಾನೆಂದು ನಮಗೆಲ್ಲ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಅವರ ಮನೆಯ ಚಹಾ ಕುಡಿದು ಅವರ ಬಾಯಿಂದ ಕೇಳುವುದು ಬೇರೆ. ಮರುದಿನ ಅವನಂಥವರಿಗೂ ಒಂದು ದಾರಿ ಸೇರಿಸಿದರು. ಆಗ ಬೇರೆ ಇಬ್ಬರು ಸುಮ್ಮನಾದರು. ನಮ್ಮನ್ನು ಕೇಳದೆ ಮೇಲಿನವರು ಮಾಡಿದ ನಿಯಮ ಯಾವಾಗ ನಮಗೆ ಒಳ್ಳೆಯದಾಗಿದೆ ಎಂಬುದು ಅವರ ಸಂಕಟ. ಮೂರನೆಯ ಸಂಜೆ ವಾಕ್ಯ ಹೀಗಾಯಿತು:

'ಬೆಳಕು ಹಾಕಿ ಮೀನು ಹಿಡಿಯುವುದು ನಿಲ್ಲಬೇಕು, ಆ ದೋಣಿಗಳಲ್ಲಿ ದುಡಿಯುವವರಿಗೆ ಬೇರೆ ಕೆಲಸ ಸಿಗಬೇಕು, ಕಡಲಿನ ಬಗ್ಗೆ ಏನೇ ತೀರ್ಮಾನ ಮಾಡುವ ಮೊದಲು ದಡದ ಸಭೆಗಳನ್ನು ಕೇಳಬೇಕು.'

"ಆವಾ?"

ಹದಿನೇಳು ಬಾಯಿಗಳಿಂದ ಒಂದಾದ ಮೇಲೊಂದು ಆವು. ಕಂಬದ ಈಚೆ ನಿಂತ ನನಗೆ ಕಣ್ಣು ತುಂಬಿತು. ಶೀನಣ್ಣ ಏಳುವಾಗ ನನ್ನ ಕಡೆ ತಿರುಗಿ, "ಒಂದು ಪದ ಬೀಳಬಾರದು, ಆಯ್ತಾ?" ಎಂದರು. "ಬೀಳುವುದಿಲ್ಲ ಅಣ್ಣ" ಎಂದೆ.

ಜೂನಿನಿಂದ ಆನ್‌ಲೈನ್ ಸಭೆಗಳು. ಮಳೆಗೆ ಕಾಪುವಿನಲ್ಲಿ ಕರೆಂಟು ಇರುತ್ತಿರಲಿಲ್ಲ, ಕರೆಂಟು ಇದ್ದರೆ ನೆಟ್ಟು ಇರುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನದ ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಗುಡ್ಡ ಹತ್ತಿ ಮಣಿಪಾಲದ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಒದ್ದೆ ಚೂಡಿದಾರದ ಮೇಲೆ ಎ.ಸಿ.ಯ ಗಾಳಿ. ಪರದೆಯ ಮೇಲೆ ಹನ್ನೆರಡು ಚೌಕ, ಚೌಕಕ್ಕೊಂದು ನಗುಮುಖ. ಸಂಯೋಜಕಿ ಕಾರಿನ್ ಎಂಬವರು ಯುರೋಪಿನವರು. ಯಾರು ಏನೇ ಹೇಳಿದರೂ "ಬಹಳ ಅಮೂಲ್ಯವಾದ ಮಾತು" ಎನ್ನುತ್ತಿದ್ದರು. ನಾನು ಒಮ್ಮೆ "ಇಲ್ಲಿ ಜೋರು ಮಳೆ, ಕೇಳಿಸುತ್ತಿಲ್ಲ" ಎಂದದ್ದೂ ಅವರಿಗೆ ಅಮೂಲ್ಯವೇ ಆಗಿತ್ತು.

ನಮ್ಮ ವಾಕ್ಯವನ್ನು ಇಂಗ್ಲಿಷಿಗೆ ತಂದು ಇಟ್ಟೆ. ಎಲ್ಲರೂ ಚಂದ ಉಂಟು ಎಂದರು. ದೊಡ್ಡ ದೊಡ್ಡ ಮೀನುಗಾರಿಕೆ ಹಡಗುಗಳಿರುವ ದೇಶದ ಒಬ್ಬ ಹುಡುಗನಿದ್ದ. ತೀರಾ ಮರ್ಯಾದಸ್ಥ, ಪ್ರತಿ ಸಲವೂ ನನ್ನ ಹೆಸರನ್ನು ಸರಿಯಾಗಿ ಹೇಳಲು ಕಷ್ಟಪಡುತ್ತಿದ್ದ. "ಪ್ರತಿಮಾ ಅವರ ಆಶಯವನ್ನು ನಾವು ಪೂರ್ತಿ ಗೌರವಿಸುತ್ತೇವೆ" ಎನ್ನುತ್ತ ಒಂದು ಪದ ತೆಗೆಯುತ್ತಿದ್ದ. ಮುಂದಿನ ವಾರ ಮತ್ತೆ ಗೌರವಿಸಿ ಇನ್ನೊಂದು ಪದ. 'ನಿಲ್ಲಬೇಕು' ಎಂಬುದು 'ಮರುಪರಿಶೀಲಿಸಬೇಕು' ಆಯಿತು. ದುಡಿಯುವವರ ಮಾತು ಬೇರೆ ಅಧ್ಯಾಯಕ್ಕೆ ಹೋಗಿ ಅಲ್ಲಿಂದ ಕಾಣೆಯಾಯಿತು. 'ದಡದ ಸಭೆಗಳನ್ನು ಕೇಳಬೇಕು' ಎಂಬುದು 'ಸಂಬಂಧಪಟ್ಟವರ ಅಭಿಪ್ರಾಯವನ್ನು ಸೂಕ್ತವೆನಿಸಿದಲ್ಲಿ ಗಮನಿಸಬಹುದು' ಎಂದಾಯಿತು. ನಾನು ಪ್ರತಿ ಸಲವೂ ಆಕ್ಷೇಪ ಹೇಳಿದೆ. ಪ್ರತಿ ಸಲವೂ ಅದು ಅಮೂಲ್ಯವಾಗಿತ್ತು.

ಜುಲೈಯ ಒಂದು ಸೋಮವಾರ ಕಾರಿನ್ ಅವರ ಮೇಲ್ ಬಂತು. ಇದು ಕೊನೆಯ ಕರಡು, ಗುರುವಾರ ಅಲ್ಲಿಯ ಮಧ್ಯಾಹ್ನ ಹನ್ನೆರಡರ ಒಳಗೆ ನಿಮ್ಮ ಪ್ರತಿಕ್ರಿಯೆ ಕಳಿಸಿ. ಅಲ್ಲಿಯ ಹನ್ನೆರಡು ಎಂದರೆ ನಮ್ಮಲ್ಲಿ ಮೂರೂವರೆ. ತೆರೆದು ನೋಡಿದರೆ ನಮ್ಮ ವಾಕ್ಯದ ಜಾಗದಲ್ಲಿ 'ಸೂಕ್ತವೆನಿಸಿದಲ್ಲಿ' ಮಾತ್ರ ಉಳಿದಿತ್ತು.

ಆ ಸಂಜೆ ಮಾಮನಿಗೆ ಓದಿ ಹೇಳಿದೆ. ಅವರು ಬಲೆ ಹೆಣೆಯುವ ಕೈ ನಿಲ್ಲಿಸಲಿಲ್ಲ.

"ನೀನು ಎಷ್ಟು ಸಲ ಬೇಡ ಅಂತ ಹೇಳಿದ್ದೀ?"

"ಐದು ವಾರದಿಂದ ಹೇಳ್ತಾ ಇದ್ದೇನೆ ಮಾಮ."

"ಜಾಸ್ತಿ ಹೇಳಿದ್ದೀ. ಅದಕ್ಕೇ ಬೆಲೆ ಇಲ್ಲ. ಇನ್ನು ಸುಮ್ಮನಿರು. ಗುರುವಾರದವರೆಗೆ ಒಂದಕ್ಷರ ಬರೆಯಬೇಡ. ಹನ್ನೊಂದು ಜನ ಆವು ಅಂತ ಹೇಳಿ ಒಬ್ಬಳು ಮಾತಾಡದಿದ್ದರೆ ಅವರಿಗೆ ಗೊತ್ತಾಗ್ಲಿಕ್ಕಿಲ್ವಾ? ಅವರೇ ಫೋನು ಮಾಡಿ ಯಾಕೆ ಅಂತ ಕೇಳ್ತಾರೆ. ಆಗ ಹೇಳು."

ನನಗೂ ಅದೇ ಸರಿ ಎನಿಸಿತು. ಎನಿಸಿತು ಎಂದರೆ ಸಾಲದು, ಧೈರ್ಯ ಬಂತು. ಮಂಗಳವಾರ ಸುಮ್ಮನಿದ್ದೆ. ಬುಧವಾರ ಸುಮ್ಮನಿದ್ದೆ. ನಮ್ಮ ಹನ್ನೆರಡು ಮಂದಿಯ ಮೆಸೇಜ್ ಗುಂಪಿನಲ್ಲಿ ಒಬ್ಬೊಬ್ಬರೇ ಒಪ್ಪಿಗೆಯ ಹೆಬ್ಬೆರಳಿನ ಚಿತ್ರ ಹಾಕುತ್ತಿದ್ದರು. ನಾನು ಫೋನನ್ನು ಕವುಚಿ ಇಟ್ಟೆ, ಅಜ್ಜಿ ಎಲೆ ಮುಚ್ಚಿದ ಹಾಗೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ 'ಇಲ್ಲ' ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಗುರುವಾರ ಮಣಿಪಾಲದ ಕ್ಯಾಂಟೀನಿನಲ್ಲಿ ಗೋಳಿಬಜೆಯ ತಟ್ಟೆ ಮುಂದಿಟ್ಟುಕೊಂಡು ಕಾರಿನ್ ಅವರ ಫೋನಿಗೆ ಕಾದೆ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಮೂರಾಯಿತು. ಮೂರೂಕಾಲು. ಗೋಳಿಬಜೆ ಆರಿ ರಬ್ಬರಾಯಿತು. ಮೂರೂವರೆ ಕಳೆದು ಒಂದು ನಿಮಿಷಕ್ಕೆ ಮೇಲ್ ಬಂತು. 'ಆತ್ಮೀಯರೇ, ಯಾವುದೇ ಆಕ್ಷೇಪ ಬಾರದಿರುವುದರಿಂದ ಕರಡು ಸರ್ವಾನುಮತದಿಂದ ಅಂಗೀಕಾರವಾಗಿದೆ. ಅಭಿನಂದನೆಗಳು!' ಕೆಳಗೆ ಕಡಲಿನ ಅಲೆಯ ಚಿತ್ರ.

ನಾನು ಅದನ್ನು ನಾಲ್ಕು ಸಲ ಓದಿದೆ. ಸರ್ವಾನುಮತ? ಆ ಸರ್ವರಲ್ಲಿ ನಾನೂ ಇದ್ದೇನಲ್ಲ?

ಲವೀನಾ ಮೇಡಂ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಫೋನು ಅವರ ಮುಂದೆ ಇಟ್ಟೆ. ಓದಿ, ಕೆಂಪು ಪೆನ್ನು ಕೆಳಗಿಟ್ಟರು.

"ನೀನು ಎಂತ ಬರೆದಿದ್ದಿ ಅವರಿಗೆ?"

"ಏನೂ ಬರೆಯಲಿಲ್ಲ ಮೇಡಂ. ಒಪ್ಪಿಗೆ ಇರಲಿಲ್ಲ, ಅದಕ್ಕೆ ಸುಮ್ಮನಿದ್ದೆ."

ಮೇಡಂ ಹಣೆ ಹಣೆ ಬಡಿದುಕೊಂಡರು. "ಅಯ್ಯೋ ದೇವಾ! ನಿಯಮದ ಪುಸ್ತಕ ಕಳಿಸಿದ್ದರಲ್ಲ, ಓದಲಿಲ್ವಾ? ಹತ್ತೊಂಬತ್ತನೇ ಪುಟ! ಕೊನೆಯ ಕರಡು ಕಳಿಸಿದ ಮೇಲೆ ಗಡುವಿನ ಒಳಗೆ ಯಾರೂ ಬೇಡ ಅನ್ನದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ರಾಯಭಾರಿಗಳ ಲೋಕದಲ್ಲಿ ಎಲ್ಲ ಕಡೆ ಹೀಗೇ ಮಾರಾಯ್ತಿ. ಸುಮ್ಮನಿದ್ದರೆ ಹೂಂ ಅಂತ."

"ನಮ್ಮಲ್ಲಿ ಸುಮ್ಮನಿದ್ದರೆ ಇಲ್ಲ ಅಂತ ಮೇಡಂ."

"ಅದು ಅವರಿಗೆ ಕನಸು ಬೀಳ್ತದಾ? ನನಗೇ ಗೊತ್ತಿರಲಿಲ್ಲ! ಬಸ್ಸಿನಲ್ಲಿ ದಿನಾ ಎರಡು ಗಂಟೆ ಕೂರ್ತಿ, ಒಂದು ಪುಸ್ತಕ ಓದ್ಲಿಕ್ಕೆ ಆಗಲಿಲ್ಲ ನಿನಗೆ?"

ಓದಿದ್ದೆ. ಹನ್ನೆರಡು ಪುಟ. ಉಡುಪು, ಊಟ, ವೀಸಾ, ಹೋಟೆಲು. ಸಭೆ ಹೇಗೆ ನಡೆಯುತ್ತದೆ ಎಂಬುದನ್ನು ಓದಲಿಲ್ಲ. ಸಭೆ ಹೇಗೆ ನಡೆಯುತ್ತದೆ ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತಲ್ಲ!

ಅಲ್ಲೇ ಕೂತು ಕಾರಿನ್ ಅವರಿಗೆ ಫೋನು ಮಾಡಿದೆವು. ಅವರಿಗೆ ನಿಜವಾಗಿಯೂ ಬೇಸರವಾಯಿತು, ಅದು ಸುಳ್ಳಲ್ಲ. ಆದರೆ ಅಂಗೀಕಾರವಾದದ್ದನ್ನು ತೆರೆದರೆ ಹನ್ನೆರಡು ಮಂದಿಯೂ ಮತ್ತೆ ತೆರೆಯುತ್ತಾರೆ, ಸಾಧ್ಯವಿಲ್ಲ ಎಂದರು. "ಸಮಾರಂಭದಲ್ಲಿ ನಿಮಗೆ ಎರಡು ನಿಮಿಷ ಕೊಡುತ್ತೇನೆ. ನಿಮ್ಮ ವಾಕ್ಯವನ್ನು ನೀವೇ ಹೇಳಿ" ಎಂದರು. ಎರಡು ನಿಮಿಷದ ಮಾತು ಗಾಳಿಗೆ ಹೋಗುತ್ತದೆ, ಕಾಗದಕ್ಕೆ ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಧನ್ಯವಾದ ಎಂದೆ. ಸಿಟ್ಟು ಬಂದಾಗ ಧನ್ಯವಾದ ಹೇಳುವುದನ್ನು ಆ ಐದು ವಾರದಲ್ಲಿ ಕಲಿತಿದ್ದೆ.

ಜಿನೀವಾದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸಾಂಪ್ರದಾಯಿಕ ಉಡುಪಿನಲ್ಲಿ ಬನ್ನಿ ಎಂದಿದ್ದರು. ಅಮ್ಮನ ಸೀರೆ ಉಟ್ಟು ಹೋದೆ. ಸೀರೆಯ ಫೋಟೊ ಮೂವತ್ತು ಜನ ತೆಗೆದರು. ಎರಡು ನಿಮಿಷಕ್ಕೆ ಕೆಂಪು ದೀಪ ಮಿಣುಕುವ ಮೇಜಿನ ಹಿಂದೆ ನಿಂತು ನಮ್ಮ ವಾಕ್ಯವನ್ನು ಹೇಳಿದೆ. ಒಂದು ಪದ ಬೀಳದ ಹಾಗೆ. ಚಪ್ಪಾಳೆ ಜೋರಾಗಿಯೇ ಬಂತು. ಆಮೇಲೆ ಆ ಮರ್ಯಾದಸ್ಥ ಹುಡುಗ ಕಾಫಿಯ ಲೋಟ ಹಿಡಿದು ಬಂದ.

"ಬಹಳ ಚೆನ್ನಾಗಿ ಹೇಳಿದಿರಿ. ಇಷ್ಟು ಬಲವಾಗಿ ನಿಮಗೆ ಅನಿಸಿತ್ತೆಂದು ನನಗೆ ತಿಳಿದಿರಲಿಲ್ಲ. ಕೊನೆಯ ವಾರ ನೀವು ಸುಮ್ಮನಾದಾಗ ಒಪ್ಪಿದಿರಿ ಎಂದುಕೊಂಡೆ. ದಡದ ಸಭೆಗಳನ್ನು ಕೇಳಬೇಕೆಂಬ ನಿಮ್ಮ ಮಾತನ್ನು ಒಪ್ಪಿಕೊಳ್ಳಬಹುದು ಎಂದು ನಮ್ಮವರು ನನಗೆ ಹೇಳಿಯೇ ಕಳಿಸಿದ್ದರು. ಆ ಗುರುವಾರ ನೀವು ಒಂದು ಸಾಲು ಬರೆದಿದ್ದರೆ ಸಾಕಿತ್ತು."

ಅವನಿಗೆ ಕೇಡಿನ ಮನಸ್ಸಿರಲಿಲ್ಲ. ಕೇಡಿನ ಮನಸ್ಸಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವನ ಲೋಟದಿಂದ ಏಳುವ ಹಬೆ ನೋಡುತ್ತ ನಿಂತೆ. ಒಂದು ಸಾಲು. ಸಾಲೂ ಬೇಡ, ಒಂದು ಪದ. ಬೇಡ.

ಊರಿಗೆ ಬಂದರೆ ಪೇಪರಿನಲ್ಲಿ 'ಜಿನೀವಾದಲ್ಲಿ ಮೊಳಗಿದ ಕಡಲ ಧ್ವನಿ'. ಉಡುಪಿಯಲ್ಲಿ ಸನ್ಮಾನ, ಕಡಿಯಾಳಿಯಲ್ಲಿ ಸನ್ಮಾನ, ಹೆಜಮಾಡಿಯಲ್ಲಿ ನಾನು ಓದದ ಶಾಲೆಯವರೂ ಹಳೆಯ ವಿದ್ಯಾರ್ಥಿನಿ ಎಂದು ಸನ್ಮಾನಿಸಿದರು. ವಾಕ್ಯ ಬಂತೇ ಎಂದು ಯಾರೂ ಕೇಳಲಿಲ್ಲ. ಮೊದಲ ಸನ್ಮಾನದಲ್ಲಿ ನಾನೇ ಹೇಳಲು ಹೊರಟೆ, "ನಿಜವಾಗಿ ಏನಾಯಿತೆಂದರೆ" ಎನ್ನುವಷ್ಟರಲ್ಲಿ ನಿರೂಪಕರು "ಎಂಥ ವಿನಯ ನೋಡಿ!" ಎಂದು ಮೈಕು ತೆಗೆದುಕೊಂಡರು. ಆಮೇಲೆ ನಾನೂ ಸುಮ್ಮನಾದೆ. ಈ ಸುಮ್ಮನಿರುವಿಕೆಯನ್ನು ಮಾತ್ರ ಎಲ್ಲರೂ ಸರಿಯಾಗಿಯೇ ಹೂಂ ಎಂದು ತೆಗೆದುಕೊಂಡರು.

ಕೇಳಿದ್ದು ಪಟ್ನದ ಸಭೆ ಒಂದೇ. ಕಂಬದ ಬಳಿ ನಿಂತು ಎಲ್ಲ ಹೇಳಿದೆ. ಹತ್ತೊಂಬತ್ತನೆಯ ಪುಟ, ಗುರುವಾರ, ಆ ಹುಡುಗ ಹೇಳಿದ ಮಾತು, ಏನನ್ನೂ ಬಿಡಲಿಲ್ಲ. ಸುಮ್ಮನಿರಲು ಹೇಳಿದ್ದು ಮಾಮ ಎಂಬುದನ್ನು ಮಾತ್ರ ಬಿಟ್ಟೆ. ಅದನ್ನು ಮಾಮನೇ ಹೇಳಿದರು. "ಅವಳಿಗೆ ಹಾಗೆ ಹೇಳಿಕೊಟ್ಟದ್ದು ನಾನು." ಆಮೇಲೆ ನಾನು ಬರೆದುಕೊಟ್ಟ ವರದಿಯ ಕಾಗದ ಎತ್ತಿ ಕೇಳಿದರು: "ಇವಳು ಹೋಗಿ ಬಂದ ಕೆಲಸ ಆಯಿತು ಅಂತ ಬರೆದುಕೊಳ್ಳುವಾ? ಆವಾ?"

ಕಡಲಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಹೇಳಬಹುದಿತ್ತು. ಶೀನಣ್ಣ ತಮ್ಮ ಅಂಗೈ ನೋಡುತ್ತ ಕೂತಿದ್ದರು. ಮಾಮ ಆ ಕಾಗದವನ್ನು ವಾಕ್ಯದ ಕಾಗದದ ಜತೆ ಸೇರಿಸಿ ಮಡಚಿ, ಬಿಸ್ಕತ್ತಿನ ಡಬ್ಬಿಗೆ ಹಾಕಿದರು.

ಮನೆಗೆ ಬಂದು ಅಜ್ಜಿಯ ಮಡಿಲಲ್ಲಿ ಮುಖ ಇಟ್ಟೆ. ಅಜ್ಜಿ ಸಮಾಧಾನ ಹೇಳುವ ಜಾತಿ ಅಲ್ಲ.

"ನನ್ನನ್ನು ಕೇಳಬೇಕಿತ್ತು ನೀನು."

"ನಿಮ್ಮನ್ನು ನೋಡಿಯೇ ಅಜ್ಜಿ ನಾನು ಕಲಿತದ್ದು, ಎಲೆ ಮುಚ್ಚುವುದನ್ನು!"

"ಎಲೆ ಮುಚ್ಚುವುದು ಊರಿನವರಿಗೆ. ಮಣಿಪಾಲದ ಹಾಸ್ಟೆಲಿನ ಮಕ್ಕಳು, ಡೆಲ್ಲಿಯವರು, ಬೀಚಿಗೆ ಬಂದವರು ಬಂದರೆ ನಾನು ಎಲೆ ಮುಚ್ಚಿದ್ದು ನೋಡಿದ್ದೀಯಾ? ಅವರು ಎಲೆ ಎತ್ತಿ ಮೀನು ಹಿಡಿದು, ಥ್ಯಾಂಕ್ಯೂ ಆಂಟಿ ಅಂತ ಹೇಳಿ ಹೋಗುವವರು. ಅವರಿಗೆ ಬಾಯಿ ಬಿಟ್ಟೇ ಹೇಳ್ತೇನೆ, ಆಗುವುದಿಲ್ಲ, ಮುಂದೆ ನಡೀರಿ ಅಂತ. ಎಷ್ಟು ವರ್ಷ ಕೊಡೆ ಹಿಡಿದು ಕೂತಿದ್ದೆ ನೀನು! ಅರ್ಧ ನೋಡಿದ್ದೀ."

ಆ ಮಾತು ಇವತ್ತಿಗೂ ಉರಿಯುತ್ತದೆ. ಅಜ್ಜಿ ಹೋಗಿ ಎರಡು ವರ್ಷವಾಯಿತು. ಜಿನೀವಾದಲ್ಲಿ ಕಲಿಸಬೇಕಾದ ಪಾಠ ಕಾಪು ಮೀನು ಮಾರ್ಕೆಟಿನಲ್ಲಿ ನನ್ನ ಕಣ್ಣೆದುರೇ ನಡೆಯುತ್ತಿತ್ತು.

ಬಸ್ಸು ಪಡುಬಿದ್ರೆ ತಲುಪಿದಾಗ ಸಂಜೆ ಐದು. ಒಣಮೀನಿನ ಹೆಂಗಸು ಇಳಿಯುವಾಗ, "ಶಾಲಿಗೆ ವಾಸನೆ ಹತ್ತಿತೇನೋ ಮಗಾ" ಎಂದರು. "ಹತ್ತಲಿ ಅಕ್ಕಾ" ಎಂದೆ.

ಅವತ್ತೇ ಪಟ್ನದಲ್ಲಿ ಡಬ್ಬಿ ತೆರೆಯುವ ಸಂಜೆ. ಬಟ್ಟೆ ಬದಲಿಸದೆ ನೇರ ಭಜನಾ ಮಂದಿರಕ್ಕೆ ಹೋಗಿ ಕಂಬದ ಬಳಿ ನಿಂತೆ. ಮಾಮನಿಗೆ ಈಗ ಕನ್ನಡಕ. ಒಂದು ತೋಡಿನ ನೀರಿನ ಜಗಳ, ಒಂದು ಬಾವಿಯ ವಿಷಯ ಆಯಿತು. ಆಮೇಲೆ ಹಳದಿ ತಿರುಗಿದ ಎರಡು ಕಾಗದ ಬಿಡಿಸಿ ನಮ್ಮ ವಾಕ್ಯವನ್ನು ಪೂರ್ತಿ ಓದಿದರು. ಪ್ರತಿ ವರ್ಷವೂ ಓದುತ್ತಾರೆ.

"ನಾಲ್ಕು ವರ್ಷ ಆಯ್ತು. ಬೆಳಕಿನ ದೋಣಿ ಇನ್ನೂ ಉಂಟು. ಕೇಳುವವರು ಯಾರೂ ಬರಲಿಲ್ಲ. ಇದನ್ನು ಇನ್ನು ಮುಗಿಸಿ ಬಿಡುವಾ?" ಮಾಮ ಒಮ್ಮೆ ಕೆಮ್ಮಿದರು. "ಆವಾ?"

ಯಾರೂ ಆವು ಎನ್ನಲಿಲ್ಲ. ಶೀನಣ್ಣ ಕಡಲಿನ ಕಡೆ ನೋಡುತ್ತಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದ ಮಾಮ ಕೊನೆಯವರ ಬಳಿ ನಿಲ್ಲಲಿಲ್ಲ. ಕನ್ನಡಕ ಮೇಲೆತ್ತಿ ಕಂಬದ ಕಡೆ, ನನ್ನ ಕಡೆ ನೋಡಿದರು. ಆ ಜಗಲಿಯಲ್ಲಿ ಯಾವ ಗುರಿಕಾರರೂ ಹಾಗೆ ಈಚೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅವರು ನನ್ನ ಬಾಯಿಗಾಗಿ ಕಾಯುತ್ತಿದ್ದರು.

ನಾನು ಸುಮ್ಮನೆ ನಿಂತೆ.

"ಅವಳಿಗೂ ಒಪ್ಪಿಗೆ ಇಲ್ಲ" ಎಂದರು ಮಾಮ, ಎಲ್ಲರಿಗೂ ಕೇಳುವ ಹಾಗೆ. ಕಾಗದ ಮಡಚಿ ಡಬ್ಬಿಗೆ ಹಾಕಿ, ಕುದುರೆ ಗಾಡಿಯ ಮುಚ್ಚಳ ಒತ್ತಿದರು.

ಮರುದಿನ ಬೆಳಿಗ್ಗೆ ಕಾರ್ಕಳದ ಆ ಕಾಲೇಜಿಗೆ ಫೋನು ಮಾಡಿ ಎರಡು ಜಡೆಯ ಹುಡುಗಿಯ ನಂಬರು ಕೇಳಿ ತೆಗೆದುಕೊಂಡೆ. ವಾಕ್ಯ ಎಲ್ಲಿ ಉಂಟು ಎಂದು ಕೇಳಿದ್ದೆಯಲ್ಲ ಎಂದೆ. "ಹೌದು ಮೇಡಂ, ಎಷ್ಟನೇ ಪುಟದಲ್ಲಿ?" ಎಂದಳು, ಪೆನ್ನು ತೆರೆಯುವ ಸದ್ದು ಕೇಳಿಸಿತು.

"ಪುಟದಲ್ಲಿ ಇಲ್ಲ. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಉಂಟು" ಎಂದೆ. "ಹೇಗೆ ಅಲ್ಲಿಗೆ ಹೋಯಿತು ಅಂತ ಹೇಳ್ತೇನೆ. ಬರೆದುಕೋ."